ಅಂದಾನೆಪ್ಪ ಕೆತ್ತಿದ ಮೆರವಣಿಗೆ

ಅಂದಾನೆಪ್ಪ ಬಡಿಗೇರ ಯಾರ ಮುಖವನ್ನೂ ನೇರವಾಗಿ ನೋಡುತ್ತಿರಲಿಲ್ಲ, ಕಿವಿ ನೋಡುತ್ತಿದ್ದ. ಕತ್ತು ಸ್ವಲ್ಪ ಓರೆ ಮಾಡಿ, ಎದುರಿನವರ ಕಿವಿಯ ಮೇಲೆ ಕಣ್ಣಿಟ್ಟು, ಹೆಬ್ಬೆರಳಿನಿಂದ ತನ್ನ ಅಂಗೈಯನ್ನು ತೀಡುತ್ತಾ ನಿಲ್ಲುತ್ತಿದ್ದ. ಹೊಸಬರು ಏನೋ ಹತ್ತಿದೆಯೆಂದು ಕಿವಿ ಒರೆಸಿಕೊಳ್ಳುತ್ತಿದ್ದರು.

"ಮಾರಿ ದಿನಾ ಬ್ಯಾರೆ ಆಗತೇತ್ರಿ. ಕಿವಿ ಹಂಗ ಇರತೇತಿ," ಎಂದು ಒಮ್ಮೆ ನನಗೆ ಹೇಳಿದ್ದ. ಅವನು ಅಷ್ಟು ಮಾತಾಡಿದ್ದೇ ಹೆಚ್ಚು. ಉಳಿದದ್ದಕ್ಕೆಲ್ಲ ಅವನ ಬಾಯಲ್ಲಿ ಒಂದೇ ಮಾತು: "ಆತ್ರಿ."

ಕಲಘಟಗಿಯಲ್ಲಿ ತೊಟ್ಟಿಲು ಮಾಡುವುದು ಅವನ ಕಸುಬು. ತೊಟ್ಟಿಲು ಬೇಕೆಂದವರಿಗೆ ಆತ್ರಿ, ಕುರ್ಚಿಯ ಕಾಲು ಮುರಿದುಕೊಂಡು ಬಂದವರಿಗೂ ಆತ್ರಿ. ಹೆಂಡತಿ ಶಿವಗಂಗವ್ವ ಬಾಗಿಲಲ್ಲಿ ನಿಂತು, "ಊರ ಮಂದಿಗೆಲ್ಲಾ ಆತ್ರಿ. ಮನಿ ಬಾಗಲದ ಅಗಳಿ ಅಷ್ಟ ನಾಳಿ," ಎಂದು ಚುಚ್ಚುತ್ತಿದ್ದಳು. ಅವನು ಅವಳ ಕಿವಿ ನೋಡಿ "ಆತು ಬಿಡು" ಅನ್ನುತ್ತಿದ್ದ. ಬೇಸಿಗೆಯಲ್ಲೂ ಮೈಮೇಲೊಂದು ಖಾಕಿ ಕೋಟು. ಅದರ ಜೇಬುಗಳ ತುಂಬ ಕಟ್ಟಿಗೆಯ ಚೂರು.

ನನ್ನದು ಲಗ್ನಪತ್ರಿಕೆ ಮುದ್ರಿಸುವ ಅಂಗಡಿ. ಕಂಪ್ಯೂಟರು ಬಂದ ಮೇಲೆ ಹಳೆಯ ಕೈಮಶಿನ್ನು ಮೂಲೆ ಸೇರಿತ್ತು. ಅದನ್ನು ಎಬ್ಬಿಸಿದವರು ಬಾಜು ಹಳ್ಳಿಯ ದೇಸಾಯರು. ತಮ್ಮ ಅರವತ್ತರ ಸಮಾರಂಭ ಹತ್ತಿರ ಬಂದಾಗ ಒಂದು ದಪ್ಪ ಪುಸ್ತಕ ತಂದು ನಮ್ಮಿಬ್ಬರ ಮುಂದೆ ಬಿಚ್ಚಿದರು. ಐದುನೂರು ವರ್ಷದ ಹಿಂದೆ ಜರ್ಮನಿಯ ಮ್ಯಾಕ್ಸಿಮಿಲಿಯನ್ ಎಂಬ ಬಾದಶಹ ತನ್ನ ಮೆರವಣಿಗೆಯನ್ನು ಕಟ್ಟಿಗೆಯ ಹಲಗೆಗಳಲ್ಲಿ ಕೆತ್ತಿಸಿ, ಮಸಿ ಬಳಿದು, ಕಾಗದದ ಮೇಲೆ ಅಚ್ಚು ಹಾಕಿಸಿದ್ದನಂತೆ. ಕುದುರೆ, ಬಾವುಟ, ವಾದ್ಯದವರು, ತೇರಿನಂಥ ಗಾಡಿಗಳು ಹಾಳೆಯ ಮೇಲೆ ಹಾಳೆ ಸಾಗಿದ್ದವು. ಆದರೆ ಅಂಥ ಮೆರವಣಿಗೆ ಯಾವ ರಸ್ತೆಯಲ್ಲೂ ನಡೆದಿರಲಿಲ್ಲವಂತೆ.

"ನಡೀಲಿಲ್ಲಂದ್ರ ಏನಾತು? ಕಾಗದದಾಗ ಇನ್ನೂ ನಡದೇತಲ್ಲ. ನನಗೂ ಇಂಥಾದೊಂದು ಬೇಕು," ಎಂದರು ದೇಸಾಯರು.

ಅಂದಾನೆಪ್ಪ ನೆಲದ ಮೇಲೆ ಕುಳಿತು ಬಹಳ ಹೊತ್ತು ಪುಟ ತಿರುವಿದ.

"ಯಾರ ಮಾಡಿದ್ರಿ ಇದನ್ನ?"

"ಹೇಳಿದ್ನಲ್ಲೋ, ಬಾದಶಹ."

"ಅಲ್ರಿ, ಕೆತ್ತಿದವ."

"ಇರತಾರ ಯಾರೋ. ನಿನಗ ಆಗತೇತೋ ಇಲ್ಲೋ?"

"ಆತ್ರಿ."

ನನ್ನ ಅಂಗಡಿಯಲ್ಲೇ ಕುಳಿತು, ಅಚ್ಚಿನಲ್ಲಿ ನೆಟ್ಟಗೆ ಬೀಳಲೆಂದು ಸಾಗವಾನಿ ಹಲಗೆಗಳ ಮೇಲೆ ಎಲ್ಲವನ್ನೂ ಎಡಬಲ ತಿರುಗಿಸಿ ಕೆತ್ತುತ್ತಾ, ಹೆಂಡತಿಯ ಕನ್ನಡಿ ಹಿಡಿದು ಅದನ್ನು ನೆಟ್ಟಗೆ ನೋಡಿಕೊಳ್ಳುತ್ತಾ, ಅವನು ತಿಂಗಳುಗಟ್ಟಲೆ ತೊಟ್ಟಿಲನ್ನೇ ಮರೆತ. ದೇಸಾಯರು ಎಂದೂ ಏರದ ಆನೆಯ ಮೇಲೆ ಕುಳಿತರು. ಆನೆಗಿಂತ ಮುಂದೆ ಡೊಳ್ಳಿನವರ ಸಾಲು, ಸಾಲಿನ ಮುಂದಿನ ತುದಿಗೆ ಮಾಳಿಂಗರಾಯ. ಕುರಿ ಕಾಯುವ ಮಾಳಿಂಗರಾಯ ದೇಸಾಯರ ಊರಿನವನೇ, ಅಂದಾನೆಪ್ಪನ ಬಾಲ್ಯದ ಗೆಳೆಯ. ತನ್ನ ಮುಖ ಕೆತ್ತಿಸಿಕೊಳ್ಳಲು ನನ್ನ ಅಂಗಡಿಗೇ ಬಂದು ಕೂರುತ್ತಿದ್ದ.

"ಮೂಗ ಸಣ್ಣದ ಮಾಡಲೇ ಅಂದಾನಿ. ಊರಾನ ಮಂದಿ ಯಾವ ಸಾವಕಾರ ಅಂತ ಕೇಳಬೇಕು."

ಮೊದಲ ಅಚ್ಚು ಬಿದ್ದ ದಿನ ಅವನು ಹಾಳೆಯನ್ನು ಹೋಗಿಬರುವವರಿಗೆಲ್ಲ ತೋರಿಸಿದ. "ನೋಡ್ರೋ, ಆನಿಗಿಂತಾ ಮುಂದ ನಾನು!" ಅಂದಾನೆಪ್ಪ ನಕ್ಕದ್ದನ್ನು ನಾನು ಅವತ್ತು ನೋಡಿದೆ.

ಅಷ್ಟರಲ್ಲಿ ದೇಸಾಯರು ಹೊಲಕ್ಕೆ ಹಾಕಿಸಿದ ತಂತಿಬೇಲಿಯೊಳಗೆ ಕುರಿಗಳ ಹಾದಿ ಸೇರಿಹೋಯಿತು. ಮಾಳಿಂಗರಾಯ ಗ್ರಾಮಸಭೆಯಲ್ಲಿ ಎದ್ದು ನಿಂತು, "ಕುರಿಗೆ ರೆಕ್ಕಿ ಹಚ್ಚಸ್ರಿ ಧಣ್ಯಾರ, ಹಾರಿ ಹೋಗತಾವು," ಎಂದ. ಜನ ನಕ್ಕರು. ಮರುದಿನ ದೇಸಾಯರು ಅಂಗಡಿಗೆ ಬಂದರು.

"ಅವನ ಮಾರಿ ತಗಿ. ಡೊಳ್ಳು ಇರಲಿ. ಡೊಳ್ಳು ನಮ್ಮದ."

ಅಂದಾನೆಪ್ಪನ ಕೈಯಲ್ಲಿ ಉಳಿ ಇತ್ತು. ಅವನು ದೇಸಾಯರ ಕಿವಿಯನ್ನು ಎಷ್ಟು ಹೊತ್ತು ನೋಡಿದನೆಂದರೆ, ಈ ಸಲ ಬೇರೆ ಮಾತು ಬರುತ್ತದೆಂದು ನನಗನಿಸಿತು.

"ಆತ್ರಿ."

ಹಲಗೆಯಿಂದ ಆ ಮುಖವನ್ನು ಚೌಕವಾಗಿ ಕೊರೆದು ತೆಗೆದ. ಅಲ್ಲಿಗೆ ಬೇರೆ ತುಂಡು ಕೂರಿಸಿ, ಯಾರದೂ ಅಲ್ಲದ ಒಂದು ಮೀಸೆಯ ಮುಖ ಕೆತ್ತಿದ. ಬೆರಳಾಡಿಸಿದರೂ ಬೆಸುಗೆ ಸಿಗಲಿಲ್ಲ. ಅಷ್ಟು ಚೆನ್ನಾಗಿ ಕೂತಿತ್ತು. ತೆಗೆದ ಮುಖ ಕೋಟಿನ ಜೇಬಿಗೆ ಹೋಯಿತು.

ಸಮಾರಂಭದಲ್ಲಿ ಹಾಳೆಗಳನ್ನು ಊರಿಗೆಲ್ಲ ಹಂಚಿದರು. ಮಾಳಿಂಗರಾಯ ತನ್ನ ಪಾಲಿನದನ್ನು ಹಿಡಿದು ಬಂದಾಗ ನಾವಿಬ್ಬರೂ ಅಂಗಡಿಯಲ್ಲಿದ್ದೆವು.

"ಮೈ ನಂದು, ಡೊಳ್ಳು ನಂದು. ಮಾರಿ ಯಾರದಲೇ ಅಂದಾನಿ?"

"ಧಣ್ಯಾರು ಹೇಳಿದ್ರು."

"ಧಣಿ ಹೇಳಿದಾ. ಕೊಯ್ದವ ಯಾರು?"

ಹಾಳೆಯನ್ನು ಮಶಿನ್ನಿನ ಮೇಲಿಟ್ಟು ಹೋದವನು ಮತ್ತೆ ಆ ಕಡೆ ಬರಲಿಲ್ಲ. ಅಂದಿನಿಂದ ಅಂದಾನೆಪ್ಪನ ಹೆಬ್ಬೆರಳು ಅಂಗೈಯಲ್ಲಿ ಆಡುವುದು ನಿಂತಿತು. ಕೈ ಸದಾ ಕೋಟಿನ ಜೇಬಿನೊಳಗೇ ಇರುತ್ತಿತ್ತು.

ಕೆಲವು ವರ್ಷ ಕಳೆದು ದೇಸಾಯರು ಪಂಚಾಯ್ತಿ ಚುನಾವಣೆಗೆ ನಿಂತರು. ಕುರಿಯವರ ವೋಟು ಬೇಕಾಗಿ, ಬೇಲಿ ಬಿಚ್ಚಿಸಿದರು. "ಮಾಳಿಂಗನ ಮಾರಿ ಮತ್ತ ಹಾಕು. ಇನ್ನೊಮ್ಮೆ ಅಚ್ಚ ಹಾಕೂಣು," ಎಂದರು. ಅವರ ಮಾತು ಮುಗಿಯುವ ಮೊದಲೇ ಅಂದಾನೆಪ್ಪ ಜೇಬಿನಿಂದ ತುಂಡು ತೆಗೆದಿದ್ದ. ಮೀಸೆಯ ಮುಖ ಕಿತ್ತು ಅಲ್ಲಿ ಕೂರಿಸಿದರೆ ಅದು ಹಲಗೆಯಲ್ಲಿ ಸಡಿಲವಾಗಿ ಅಲುಗಾಡಿತು. ಮಸಿ ಹಚ್ಚಿ ಒತ್ತಿದೆ. ಕಣ್ಣಿಲ್ಲ, ಮೂಗಿಲ್ಲ, ಬರೀ ಒಂದು ಕರಿ ಕಲೆ. ಇಷ್ಟು ವರ್ಷ ಜೇಬಿನೊಳಗೆ ಅವನ ಹೆಬ್ಬೆರಳೇ ಗೆಳೆಯನ ಮುಖವನ್ನು ಸವೆಸಿಬಿಟ್ಟಿತ್ತು.

ಹೊಸ ತುಂಡು ಹಿಡಿದು ಹೊರಟವನನ್ನು ನಾನೇ ಗಾಡಿಯ ಮೇಲೆ ಕರೆದೊಯ್ದೆ. ಮಾಳಿಂಗರಾಯ ಕುರಿಹಟ್ಟಿಯ ಮುಂದೆ ಕುಳಿತಿದ್ದ. ಅವನ ಹೆಂಡತಿ ರೇಣುಕವ್ವ ನಮಗೆ ಚಹಾ ಕೊಟ್ಟಳು. ಅವನು ಇತ್ತ ತಿರುಗಲಿಲ್ಲ.

"ಮಾರಿ ಒಮ್ಮೆ ಕೊಟ್ಟೀನಿ. ನೀ ಕಿವಿ ನೋಡವ ಅಲ್ಲೇನು? ಅದನ್ನ ಕೆತ್ತಿಕೋ."

ಹೊತ್ತು ಮುಳುಗುವವರೆಗೆ ಅಂದಾನೆಪ್ಪ ಆ ಕಿವಿಯನ್ನು ಕೆತ್ತಿದ.

ಅಚ್ಚು ಹಾಕುವಾಗ ಹೊಸ ತುಂಡಿನ ಸುತ್ತ ಒಂದು ಬಿಳಿ ಗೆರೆ ಬಿತ್ತು. "ಬೆಸುಗಿ ಕಾಣಾಕತ್ತೇತಿ. ಮುಚ್ಚಿಬಿಡು," ಎಂದೆ.

"ಬ್ಯಾಡ್ರಿ," ಎಂದ. "ಕಾಣ್ಲಿ."

ಅವನ ಬಾಯಿಂದ ಬ್ಯಾಡ ಎಂಬ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಹೋದ ವರ್ಷ ತೀರಿಕೊಂಡ. ಶಿವಗಂಗವ್ವನ ಮನೆಯ ಅಗಳಿ ಇನ್ನೂ ಹಾಗೇ ಇದೆ. ಹಲಗೆಗಳು ನನ್ನಲ್ಲಿವೆ: ಎಲ್ಲರೂ ನಮ್ಮತ್ತ ನೋಡುತ್ತಾ ಸಾಗುವ ಮೆರವಣಿಗೆಯಲ್ಲಿ ಮುಂದಿನ ಡೊಳ್ಳಿನವನೊಬ್ಬ ಆಚೆ ತಿರುಗಿದ್ದಾನೆ.

ಹೀಗೆ ಕೈ ದೊಡ್ಡದಿದ್ದು ಬಾಯಿ ಸಣ್ಣದಿರುವವರು ಎಲ್ಲ ಊರಲ್ಲೂ ಇರುತ್ತಾರೆ. ಆನೆಯ ಮೇಲೆ ಕೂರುವವರಿಗೆ ಆನೆ ಮಾಡಿಕೊಡುವವರು ಇವರೇ. ಕೆಟ್ಟವರಲ್ಲ, ಬೇಡ ಎನ್ನುವ ಮಾತು ಇವರ ನಾಲಿಗೆಗೆ ಬರುವುದು ತಡ, ಅಷ್ಟೇ. ಅದು ಬರುವ ಹೊತ್ತಿಗೆ, ಯಾರಿಗಾಗಿ ಅದನ್ನು ಹೇಳಬೇಕಿತ್ತೋ ಅವರು ಆಚೆ ತಿರುಗಿ ಕುಳಿತಿರುತ್ತಾರೆ.