ಹೊಟ್ಟೆ ಸೀಳದ ಅಕ್ಷರ

ಹಣ ಉಳಿಸುವುದು ಹೇಗೆಂದು ಊರಿಗೆಲ್ಲ ಬುದ್ಧಿ ಹೇಳುವುದು ನನ್ನ ಕಸುಬು. ನನ್ನ ಬ್ಲಾಗ್ ಓದಿ ದಾರಿಗೆ ಬಂದೆವು ಎನ್ನುವ ಸಂಸಾರಗಳಿವೆ. ಆದರೆ ನನಗೆ ಮಹಾಪ್ರಾಣ ಬರುವುದಿಲ್ಲ. 'ಲಾಭ' ಎಂದು ಬರೆಯಲು ಹೋದರೆ ಕೈ 'ಲಾಬ' ಎನ್ನುತ್ತದೆ. ಆ ಪದದಿಂದಲೇ ಹೊಟ್ಟೆ ಹೊರೆಯುವವಳಿಗೆ ಇದೆಂಥ ಗ್ರಹಚಾರ!

ಅದನ್ನು ತಿದ್ದುತ್ತಿದ್ದವಳು ಅಕ್ಕ. ಅವಳದು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. ನಾನು ಬ್ಲಾಗ್ ಶುರು ಮಾಡಿದಾಗ ಪ್ರತಿ ಬರಹವೂ ಮೊದಲು ಅವಳ ಮುಂದೆ ಹೋಗಬೇಕಿತ್ತು. ಅಡುಗೆಮನೆಯ ಕಟ್ಟೆಗೆ ಒರಗಿ, ಕಿವಿಯ ಹಿಂದಿನ ಕೆಂಪು ಪೆನ್ನು ತೆಗೆದು, "ಹೊಟ್ಟೆ ಸೀಳೇ, ಹೊಟ್ಟೆ ಸೀಳು! ಕೆಳಗೆ ಒಂದು ಗೀಟು ಹಾಕೋಕೆ ನಿನಗೇನು ಬಡತನ?" ಎಂದು ಬೈಯುತ್ತಿದ್ದಳು. ಒಂದೂ ದೋಷ ಕಾಣದ ಪುಟದ ಕೊನೆಗೆ 'ತಪ್ಪಿಲ್ಲ' ಎಂದು ಬರೆದು ಸಹಿ ಹಾಕುವುದು ಅವಳ ಪದ್ಧತಿ. ನನ್ನ ಪುಟಕ್ಕೆ ಆ ಭಾಗ್ಯ ಒಮ್ಮೆಯೂ ಸಿಕ್ಕಿರಲಿಲ್ಲ.

ಒಂದೇ ಒಂದು ಬರಹವನ್ನು ಅವಳಿಗೆ ತೋರಿಸದೆ ಹಾಕಿದೆ. 'ನಮ್ಮನೆಯ ತೂತು ಬಿಂದಿಗೆ'. ಸಂಬಳ ಬಂದ ವಾರದಲ್ಲೇ ಕೇಳಿದವರಿಗೆಲ್ಲ ಕೊಟ್ಟು ಕೈ ಖಾಲಿ ಮಾಡಿಕೊಳ್ಳುವ ಅಕ್ಕನ ಕಥೆ. ಹೆಸರು ಹಾಕಿರಲಿಲ್ಲ, ಕೆಂಪು ಪೆನ್ನು ಹಾಕಿದ್ದೆ. ಜನ ಬಿದ್ದು ಬಿದ್ದು ನಕ್ಕರು, ಹಂಚಿದರು. ಒಂದು ಆನ್‌ಲೈನ್ ಪತ್ರಿಕೆ ಕರೆದು ಕೆಲಸ ಕೊಟ್ಟಿತು. ಆ ಬಿಂದಿಗೆಯಿಂದ ಸೋರಿದ್ದರಲ್ಲಿ ನನ್ನ ಲ್ಯಾಪ್‌ಟಾಪೂ ಇತ್ತು ಎಂಬುದನ್ನು ಮಾತ್ರ ಬರೆದಿರಲಿಲ್ಲ.

ಅಕ್ಕ ಫೋನ್ ಮಾಡಿದಳು. "ಎರಡು ಕಡೆ ಹೊಟ್ಟೆ ಸೀಳಿಲ್ಲ. ನೋಡ್ಕೋ," ಎಂದಷ್ಟೇ ಹೇಳಿ ಇಟ್ಟಳು. ಅದಾಗಿ ಎರಡು ವರ್ಷ. ಬೇರೆ ಊರಿಗೆ ಹೋದಳು, ವಿಳಾಸ ಕೊಡಲಿಲ್ಲ. ನಾನು ಫೋನ್ ಮಾಡಿದರೆ ಎರಡನೇ ರಿಂಗಿಗೆ ಕಟ್ ಮಾಡುತ್ತಿದ್ದಳು.

ಪತ್ರಿಕೆಯಲ್ಲಿ ತಪ್ಪು ಹುಡುಕುವ ತಂತ್ರಾಂಶವಿದೆ. ಅದು ಕೆಂಪು ಗೆರೆ ಎಳೆಯುತ್ತದೆ, ಬೈಯುವುದಿಲ್ಲ. ಅದು ತಿದ್ದಿದ್ದನ್ನು ನಾನು ಮತ್ತೆ ಕೆಡಿಸುತ್ತಿದ್ದೆ. ಪ್ರತಿ ಲೇಖನದಲ್ಲೂ ಒಂದು 'ಲಾಬ' ಬೇಕೆಂದೇ ಬಿಡುತ್ತಿದ್ದೆ. ಅಕ್ಕ ಓದಿದರೆ ಸುಮ್ಮನಿರಲಾರಳು. ಹೋಟೆಲಿನ ಬೋರ್ಡಿನ ತಪ್ಪನ್ನೂ ಗಲ್ಲಾದ ಹತ್ತಿರ ಹೋಗಿ ಹೇಳಿ ಬರುವ ಹೆಂಗಸು. ಕಮೆಂಟುಗಳಲ್ಲಿ ಯಾರ್ಯಾರೋ ಉಗಿದರು. ನನಗೆ ಬೇಕಾಗಿದ್ದದ್ದು ಅವಳ ಬೈಗುಳ. ಅದನ್ನು ಇನ್ನೊಮ್ಮೆ ಕೇಳಲು ಜೀವ ಹಾತೊರೆಯುತ್ತಿತ್ತು.

ಕೊನೆಗೆ ಸಂಪಾದಕರು ಕರೆದರು. "ಏನ್ ಮೇಡಂ ಇದು? ಲಾಭ ಅಂತ ಬರೆಯೋಕೆ ಬಾರದವರು ಲಾಭದ ಬಗ್ಗೆ ಬರೀತಾರೆ ಅಂತ ಜನ ಆಡ್ಕೋತಿದ್ದಾರೆ. ಇನ್ನೊಂದ್ಸಲ ಹೀಗಾದ್ರೆ ನಿಮ್ಮ ಅಂಕಣ ನಿಲ್ಲಿಸ್ತೀನಿ."

ಆ ಮಧ್ಯಾಹ್ನ ಕೂತು 'ಬಿಂದಿಗೆಯ ನೀರು ಕುಡಿದವಳು' ಎಂದು ಬರೆದೆ. ಲ್ಯಾಪ್‌ಟಾಪು ಕೊಡಿಸಿದ್ದು ಯಾರು, ಅದಕ್ಕಾಗಿ ಯಾರು ಒಂದು ವರ್ಷ ಬಸ್ಸು ಬಿಟ್ಟು ಪ್ರೆಸ್ಸಿಗೆ ನಡೆದು ಹೋದರು, ಎಲ್ಲವನ್ನೂ ಬರೆದೆ. ಪ್ರತಿ ಅಕ್ಷರದ ಮೇಲೂ ಬೆರಳಿಟ್ಟು ನೋಡಿ, ಸೀಳಬೇಕಾದ ಹೊಟ್ಟೆಗಳನ್ನೆಲ್ಲ ಸೀಳಿದೆ. ಈ ಸಲ ಗಾಳ ಹಾಕುವ ಮನಸ್ಸಾಗಲಿಲ್ಲ.

ಸಂಜೆಯೊಳಗೆ ಇನ್ನೂರು ಕಮೆಂಟು ಬಂದವು. ಎಲ್ಲಕ್ಕಿಂತ ಕೆಳಗೆ, ಹೆಸರಿಲ್ಲದ ಖಾತೆಯಿಂದ ಒಂದೇ ಪದ: "ತಪ್ಪಿಲ್ಲ."

ಹೇಳಿದ್ದು ಅಕ್ಷರಕ್ಕೋ, ನನಗೋ? ಫೋನ್ ಮಾಡಿದೆ. ಎರಡು ರಿಂಗಾಯಿತು. ಮೂರನೆಯದೂ ಆಯಿತು. ಅವಳು ಎತ್ತಲಿಲ್ಲ, ಕಟ್ಟೂ ಮಾಡಲಿಲ್ಲ. ನಾನು ಕಿವಿಗೊಟ್ಟು ನಿಂತೇ ಇದ್ದೆ.