ರೋಗದ ಗೆಲ್ಲು

೧೯೬೨ರ ಮಳೆಗಾಲ. ನೆಲ್ಯಾಡಿಯ ಗುಡ್ಡದಲ್ಲಿ ವರ್ಕಿಯ ರಬ್ಬರ್ ಮರಗಳು ಹಸಿರೆಲೆಗಳನ್ನೇ ಉದುರಿಸತೊಡಗಿದವು. ಎಲೆಯ ತೊಟ್ಟಿನಲ್ಲಿ ಕಪ್ಪು ಕಲೆ, ಕಲೆಯ ನಡುವೆ ಹೆಪ್ಪುಗಟ್ಟಿದ ಒಂದು ಹನಿ ಹಾಲು. ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಅವನು ತೋಟವಿಡೀ ಸುತ್ತಿದ.

“ಬೂಷ್ಟು ಹಿಡಿದದ್ದು ಇದು, ಅಂಟಿದರೆ ಬಿಡುದಿಲ್ಲ. ಗೆಲ್ಲು ಕಡಿದು ಸುಟ್ಟುಬಿಡಿ ಮಾರಾಯ್ರೆ,” ಎಂದಳು ಹೆಂಡತಿ ಅಣ್ಣಮ್ಮ.

“ನಾಲ್ಕು ಜನರಿಗೆ ತೋರಿಸದೆ ಸುಡುದು ಹೇಗೆ?”

ಭಾನುವಾರ ವರ್ಕಿ ರೋಗದ ಮರದಿಂದ ಎಲೆಗಳಿದ್ದ ಒಂದು ಗೆಲ್ಲು ಮುರಿದುಕೊಂಡು ಇಗರ್ಜಿಗೆ ಹೋದ. ಪೂಜೆ ಮುಗಿದದ್ದೇ ಅದು ಉಳಿದ ರಬ್ಬರ್ ಬೆಳೆಗಾರರ ಕೈಯಿಂದ ಕೈಗೆ ದಾಟಿತು. ತಮ್ಮ ಮರಗಳ ಜೊತೆ ಹೋಲಿಸಿ ನೋಡಲು ಒಬ್ಬೊಬ್ಬರೂ ಒಂದೊಂದು ಎಲೆ ಕಿತ್ತು ತೋಟಕ್ಕೊಯ್ದರು. ವರ್ಕಿಗೆ ಮರಳಿದ್ದು ಬರಿಯ ಕಡ್ಡಿ.

ಮೂರನೇ ಭಾನುವಾರ ಅವನು ಇಗರ್ಜಿಯಿಂದ ಹೊರಬಂದಾಗ ಅಂಗಳದಲ್ಲಿದ್ದ ಎಲ್ಲರ ಕೈಯಲ್ಲೂ ಕಪ್ಪು ಕಲೆಯ ಒಂದೊಂದು ಗೆಲ್ಲಿತ್ತು. ತೋರಿಸಲೆಂದು ಅವನನ್ನೇ ಕಾಯುತ್ತಿದ್ದರು.