ತಿಜೋರಿಯೊಳಗಿನ ವೈಫೈ

ಸಿಂದಗಿಯ ಆ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ವೈಫೈ ಪೆಟ್ಟಿಗೆ ಬಂದ ದಿನ ವಾರ್ಡನ್ ಸುನೀತಾ ಮೇಡಂಗೆ ಊಟ ಸೇರಲಿಲ್ಲ. ಹೊಸ ಸಾಮಾನು ಕೈಗೆ ಬಂದ ಕೂಡಲೇ ಅದು ಕಳುವಾದ ದಿನ ಅವರ ಕಣ್ಣ ಮುಂದೆ ನಿಲ್ಲುತ್ತಿತ್ತು. ಹಿಂದೊಮ್ಮೆ ಒಂದು ಸ್ಟೀಲ್ ಬಕೆಟ್ ಕಾಣೆಯಾದದ್ದಕ್ಕೆ ಇಲಾಖೆಗೆ ಮೂರು ಸಲ ಲಿಖಿತ ಉತ್ತರ ಕೊಟ್ಟವರು ಅವರು. ಬಕೆಟ್ಟಿನ ಗತಿಯೇ ಹಾಗಾದರೆ, ಮಿಣಮಿಣ ದೀಪ ಉರಿಯುವ ಪೆಟ್ಟಿಗೆಯ ಗತಿ?

ಪೇಂಟರನ್ನು ಕರೆಸಿ, ಕಾಟು, ಫ್ಯಾನು, ಸೌಟುಗಳ ಮೇಲಿದ್ದಂತೆ ಅದರ ಬೆನ್ನ ಮೇಲೂ ಬಿಳಿ ಬಣ್ಣದಲ್ಲಿ ನಂಬರು ಬರೆಸಿದರು. ಆಮೇಲೆ ಅದನ್ನು ಆಫೀಸು ಕೋಣೆಯ ಕಬ್ಬಿಣದ ತಿಜೋರಿಯಲ್ಲಿ, ಹಾಜರಿ ಪುಸ್ತಕದ ಪಕ್ಕ ಇಡಿಸಿದರು. ವೈರು ಒಳಗೆ ಹೋಗಲು ತಿಜೋರಿಯ ಬೆನ್ನಿಗೆ ತೂತು ಬೇಕಿತ್ತು. ಆ ತೂತಿಗೂ ಅನುಮತಿ ತರಿಸಿಕೊಂಡಿದ್ದರು.

"ಮೇಡಂರಿ, ಇದು ಹೊರಗ ಗ್ವಾಡಿಗೆ ಮೊಳಿ ಹೊಡದು ಹಾಕಬೇಕ್ರಿ," ಎಂದ ಜೋಡಿಸಲು ಬಂದವನು.

"ಹೊರಗ ಇಟ್ಟು ಕಳುವಾದ್ರ ನೀ ಸಹಿ ಮಾಡ್ತೀಯೇನಪಾ?"

ಅವನು ತನ್ನ ಸಾಮಾನು ಚೀಲಕ್ಕೆ ಹಾಕಿಕೊಂಡು ಹೋದ. ಮೇಡಂ ತಿಜೋರಿಗೆ ಬೀಗ ಹಾಕಿದರು. ಬೆಳಿಗ್ಗೆ ಏಳಕ್ಕೆ ಮತ್ತು ಸಂಜೆ ಆರಕ್ಕೆ, ಹಾಜರಿ ಪುಸ್ತಕ ತೆಗೆಯಲು ಮಾತ್ರ ಅದನ್ನು ತೆರೆಯತಕ್ಕದ್ದು ಎಂದು ತಾವೇ ನಿಯಮ ಬರೆದು, ತಾವೇ ಸಹಿ ಮಾಡಿ, ಬಾಗಿಲಿಗೆ ಅಂಟಿಸಿದರು.

ಅದಾದ ಒಂದು ವಾರದಲ್ಲೇ ಹಾಸ್ಟೆಲ್ಲು ಬದಲಾಯಿತು. ಮೊದಲೆಲ್ಲ ಹಾಜರಿ ಎಂದರೆ ಹಾಸಿಗೆಯೊಳಗಿಂದ "ಹೂಂರಿ" ಎಂಬ ಒಂದು ದನಿ, ಅದೂ ಯಾರದೋ ಹೆಸರಿಗೆ ಇನ್ಯಾರದೋ. ಈಗ ಗಂಟೆ ಬಾರಿಸುವ ಮುಂಚೆಯೇ ಐವತ್ತೆರಡು ಹುಡುಗಿಯರೂ ಆಫೀಸಿನ ಮುಂದೆ ಹಾಜರು! ಗದ್ದಲವಿಲ್ಲ, ತಲೆ ಬಗ್ಗಿಸಿ ನಿಂತಿರುತ್ತಿದ್ದರು. "ನಿಧಾನ ಕೂಗ್ರಿ ಮೇಡಂ, ಅವಸರ ಏನೈತಿ," ಎನ್ನುತ್ತಿದ್ದರು. ಎಲ್ಲರ ಕೈಯಲ್ಲೂ ಫೋನಿತ್ತು ನಿಜ. ಆದರೆ ಈಗಿನ ಮಕ್ಕಳ ಕೈಯಲ್ಲಿ ಫೋನಿಲ್ಲದೆ ಇನ್ನೇನಿರುತ್ತದೆ?

ಸುದ್ದಿ ಜಿಲ್ಲೆಗೆ ಮುಟ್ಟಿತು. ಸಭೆಯಲ್ಲಿ ಸಾಹೇಬರು ಇಂಡಿ, ಮುದ್ದೇಬಿಹಾಳದ ವಾರ್ಡನ್‌ಗಳ ಎದುರು ಸುನೀತಾ ಮೇಡಂರನ್ನು ಎಬ್ಬಿಸಿ ಗುಟ್ಟು ಹೇಳಿಸಿದರು. "ಮಕ್ಕಳನ್ನು ಹೆಸರು ಹಿಡಿದು ಪ್ರೀತಿಯಿಂದ ಕರೀಬೇಕ್ರಿ, ಅಷ್ಟ," ಎಂದರು ಮೇಡಂ. ಬಸವನ ಬಾಗೇವಾಡಿಯ ವಾರ್ಡನ್ ಅದನ್ನು ಡೈರಿಯಲ್ಲಿ ಬರೆದುಕೊಂಡರು.

ಒಂದು ಸೋಮವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಗೊಳಸಂಗಿಯ ಸಂಘಮಿತ್ರಾ ಏದುಸಿರು ಬಿಡುತ್ತ ಆಫೀಸಿಗೆ ಬಂದಳು. ಬಿಎಸ್ಸಿ ಕೊನೆಯ ವರ್ಷದವಳು, ಓದಿನಲ್ಲಿ ಮುಂದು.

"ಮೇಡಂರಿ, ಹಾಜರಿ ತಗೋರಿ."

"ಆರಕ್ಕ ಅಲ್ಲೇನವಾ ಹಾಜರಿ?"

"ಈಗ ತಗೋರಿ, ನಿಮ್ಮ ಕಾಲ ಬೀಳ್ತೇನಿ. ಎಂಎಸ್ಸಿ ಅರ್ಜಿ ಐದಕ್ಕ ಬಂದ್ ಆಗ್ತೈತ್ರಿ. ಆನ್‌ಲೈನ್ ಸೆಂಟರಿಗೆ ಹೋಗಿದ್ನಿ, ಎಂಬತ್ತಮೂರನೇ ನಂಬರ್ ಕೊಟ್ಟಾರ. ಇನ್ನ ನಲವತ್ತೊಂದನೇದು ನಡದೈತಿ. ಇಲ್ಲಿ ಫೋನಿಗೆ ಒಂದ ಕಡ್ಡಿನೂ ಬರಂಗಿಲ್ಲ."

"ಅರ್ಜಿಗೂ ಹಾಜರಿಗೂ ಏನ ಸಂಬಂಧ?"

ಸಂಘಮಿತ್ರಾ ತಿಜೋರಿಯತ್ತ ನೋಡಿದಳು. ಹೊಸ್ತಿಲಲ್ಲಿ ತೊಗರಿಬೇಳೆ ಆರಿಸುತ್ತಿದ್ದ ಅಡುಗೆಯ ಪೀರಬಿ ಮೊರದಿಂದ ತಲೆ ಎತ್ತಲಿಲ್ಲ. "ಹೇಳವಾ, ಹೇಳು. ಇಡೀ ಹಾಸ್ಟೆಲ್ಲಿಗೆ ಗೊತ್ತೈತಿ, ಮೇಡಂ ಒಬ್ಬರಿಗೇ ಗೊತ್ತಿಲ್ಲ."

"ತಿಜೋರಿ ಬಾಗಲಾ ತಗದಾಗ ಅಷ್ಟ ನೆಟ್ ಬರ್ತೈತ್ರಿ," ಎಂದಳು ಹುಡುಗಿ.

ಮೇಡಂ ತಿಜೋರಿ ನೋಡಿದರು, ಹುಡುಗಿಯನ್ನು ನೋಡಿದರು. ಬಾಗೇವಾಡಿಯ ಆ ಡೈರಿ ನೆನಪಾಗಿ ಕಿವಿ ಬಿಸಿಯಾಯಿತು. "ಎರಡ ತಿಂಗಳಾತು. ಒಬ್ಬರಾದ್ರೂ ಹೇಳಬಾರದೇನ?"

"ಹೇಳಿದ್ರ ನೀವು ಇಲಾಖೆಗೆ ಪತ್ರಾ ಬರೀತಿದ್ರಿ. ಉತ್ತರ ಬರೂತನಕ ಹಾಜರಿನೂ ಬಂದ್ ಮಾಡ್ತಿದ್ರಿ."

ಮೇಡಂ ಸೊಂಟದಿಂದ ಕೀಲಿಕೈ ತೆಗೆದರು. ಆದರೆ ನಿಯಮ ಬಾಗಿಲ ಮೇಲೆಯೇ ಇತ್ತು, ಹಾಜರಿಗೆ ಮಾತ್ರ ಎಂದು, ತಮ್ಮದೇ ಸಹಿಯೊಂದಿಗೆ. ಅರ್ಜಿಗಾಗಿ ತೆರೆದರೆ ನಿಯಮ ಮುರಿದಂತೆ, ಹಾಜರಿಗಾಗಿ ತೆರೆದರೆ ಪಾಲಿಸಿದಂತೆ. ಯೋಚಿಸಿ, ತೃಪ್ತಿಪಟ್ಟು, ಮೇಡಂ ಗಂಟೆ ಬಾರಿಸಿದರು.

ಅಲ್ಲೇ ತಪ್ಪಿದ್ದು. ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಕೇಳಿ ಐವತ್ತೊಂದು ಹುಡುಗಿಯರು ತಲೆಗೆ ಹಚ್ಚಿದ ಎಣ್ಣೆಯೊಂದಿಗೆ, ಅರ್ಧ ಹಿಂಡಿದ ಬಟ್ಟೆಯೊಂದಿಗೆ ಓಡಿ ಬಂದರು. ತಿಜೋರಿ ತೆರೆಯಿತು. ಐವತ್ತೊಂದು ತಲೆಗಳು ಬಾಗಿದವು.

"ಮೇಡಂರಿ, ಬರೇ ತಿರಗಾಕತ್ತೈತಿ! ಅರ್ಜಿಗೆ ಫೋಟೋ ಹತ್ತವಲ್ದು!" ಸಂಘಮಿತ್ರಾಳ ದನಿ ಒಡೆಯಿತು. ನಾಲ್ಕೂ ನಲವತ್ತೇಳು. "ಇವರೆಲ್ಲಾ ನೆಟ್ ಜಗ್ಗಾಕತ್ತಾರ. ಗೌಸಬಿ ಸೀರಿಯಲ್ ಇಳಿಸಾಕತ್ತಾಳ ನೋಡ್ರಿ!"

"ಒಂದ ಎಪಿಸೋಡಬೇ," ಎಂದಳು ಗೌಸಬಿ.

ಸುನೀತಾ ಮೇಡಂ ಜೀವಮಾನದಲ್ಲಿ ಸ್ಟೂಲು ಹತ್ತಿದವರಲ್ಲ. ಹತ್ತಿದರು. "ಎಲ್ಲಾರೂ ಫೋನ್ ಬಂದ್ ಮಾಡ್ರಿ! ಹೊರಗ ನಡೀರಿ!"

"ಇನ್ನ ಹೆಸರೇ ಕೂಗಿಲ್ಲಲ್ರಿ?"

"ನೀವ್ಯಾರೂ ಬಂದೇ ಇಲ್ಲ! ಎಲ್ಲಾರಿಗೂ ಗೈರ್ ಹಾಕ್ತೇನಿ!"

ಯಾರೂ ಕದಲಲಿಲ್ಲ. ಆಗ ಪೀರಬಿ ಬೇಳೆಯ ಮೊರ ಬದಿಗಿಟ್ಟು, ಅನ್ನದ ಬುಟ್ಟಿ ತಂದು ಮುಂದೆ ಹಿಡಿದಳು. "ಬಂದ್ ಮಾಡಿ ಇದರಾಗ ಹಾಕ್ರಿ. ಹಾಕಲಾರದಾಕಿಗೆ ಇವತ್ತ ರೊಟ್ಟಿ ಇಲ್ಲ." ಇಲಾಖೆಯ ಯಾವ ಸುತ್ತೋಲೆಗೂ ಇಲ್ಲದ ತೂಕ ಆ ಮಾತಿಗಿತ್ತು. ಬುಟ್ಟಿ ತುಂಬಿತು. ಕೊನೆಗೆ ಗೌಸಬಿ, ಎಪಿಸೋಡು ಅರ್ಧಕ್ಕೆ ಬಿಟ್ಟು.

ನಾಲ್ಕೂ ಐವತ್ತಾರಕ್ಕೆ ಫೋಟೋ ಹತ್ತಿತು. ಐವತ್ತೆಂಟಕ್ಕೆ ಅರ್ಜಿ ಹೋಯಿತು. ಸಂಘಮಿತ್ರಾ ಅರ್ಜಿಯ ನಂಬರು ಓದಿದಳು, ಮೇಡಂ ಅದನ್ನು ಕಾಗದದ ಮೇಲೆ ಬರೆದರು, ಎರಡು ಸಲ ತಾಳೆ ನೋಡಿ ಅವಳ ಕೈಗಿಟ್ಟರು. ಅವಳು ಅಲ್ಲೇ ಕುಸಿದು ಕೂತು ಅತ್ತಳು.

ಎಲ್ಲರೂ ಹೋದ ಮೇಲೆ ಮೇಡಂ ಹಾಜರಿ ಪುಸ್ತಕ ಬಿಚ್ಚಿದರು. ಹೇಳಿದ ಮಾತು ಹೇಳಿದ್ದೇ. ಹಾಜರು ಒಂದು, ಗೈರು ಐವತ್ತೊಂದು. ಬರೆದು ಸಹಿ ಮಾಡಿದರು.

"ಮೇಡಂರಿ, ತಿಜೋರಿ ಬಾಗಲಾ?" ಪೀರಬಿ ಕೇಳಿದಳು.

"ಇರಲಿ ಬಿಡವಾ." ಮೇಡಂ ಕುರ್ಚಿ ಎಳೆದುಕೊಂಡು ತೆರೆದ ಬಾಗಿಲಿಗೆ ಅಡ್ಡವಾಗಿ ಕೂತರು. "ಕಳುವಾದ್ರ ನನ್ನ ಸಮೇತ ಒಯ್ಯಲಿ."